ಬಸ್ಸಿನಲ್ಲಿ ಬಂದ ಬಾಗಿನ

ನನ್ನ ಗಂಡ ಕಂಡಿರುವ ಗಡಿಯೆಂದರೆ ಪಾವಗಡದಾಚೆಯ ಆಂಧ್ರದ ಗಡಿ ಒಂದೇ. ಆದರೂ ಬಜೆಟ್ ದಿನ ಟಿ.ವಿ. ಮುಂದೆ ಕೂತರೆ, ಇಡೀ ಸೈನ್ಯ ಇವರ ಹಾರ್ಡ್‌ವೇರ್ ಅಂಗಡಿಯಿಂದಲೇ ಹೊರಡುತ್ತದೆ ಅನ್ನಬೇಕು. ಬರಗೂರಿನ ನನ್ನ ತಮ್ಮ ಎದುರು ಪಕ್ಷದ ಕಟ್ಟಾಳು. ಆ ವರ್ಷ ಬಜೆಟ್ ದಿನವೇ ಶಿರಾಕ್ಕೆ ಬಂದವನು ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದ.

“ಫಿರಂಗಿಗೆ ಅಷ್ಟು ಸುರೀತಾರಲ್ಲ ಭಾವ, ಹಳ್ಳಿ ಆಸ್ಪತ್ರೆಗೆ ಡಾಕ್ಟರು ಬ್ಯಾಡ್ವಾ?” ಅಂದ.

“ಗಡೀಲಿ ಸೈನಿಕ ನಿಂತಿದ್ರೆ ತಾನೇ ನಿನ್ನ ಡಾಕ್ಟರು? ನಿಮ್ಮ ಪಕ್ಷದೋರಿಗೆ ದೇಶಾನೇ ಬ್ಯಾಡ,” ಅಂದರು ಇವರು.

ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಹಾಕಿ ತಮ್ಮ ಎದ್ದು ಹೋದ. ಆಮೇಲೆ ಫೋನೂ ಇಲ್ಲ. ಇಬ್ಬರ ಮೇಲೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಅಮ್ಮ ಹೋದ ಮೇಲೆ ತವರು ಅಂತ ಉಳಿದಿದ್ದು ಅವನೊಬ್ಬನೇ.

ಗೌರಿ ಹಬ್ಬ ಬಂತು. ಬೆಳಿಗ್ಗೆ ಬರಗೂರು ಬಸ್ಸಿನ ಕಂಡಕ್ಟರ್ ಫೋನ್ ಮಾಡಿ, “ಅಕ್ಕಾ, ನಿಮ್ಮ ತಮ್ಮ ಬಾಗಿನ ಕೊಟ್ಟು ಕಳಿಸವ್ರೆ, ಸ್ಟ್ಯಾಂಡಿಗೆ ಬಂದು ತಗಂಡೋಗಿ,” ಅಂದ. ನಮ್ಮ ಕಡೆ ಟೊಮೆಟೊ ಬುಟ್ಟಿ, ಮಕ್ಕಳು ಮರೆತ ಟಿಫನ್ ಬಾಕ್ಸು, ಎಲ್ಲವೂ ಕಂಡಕ್ಟರ್ ಕೈಲೇ ಬರುತ್ತವೆ. ಆದರೆ ಬಾಗಿನ? ಹೋಗಿ ನೋಡಿದರೆ ಡ್ರೈವರ್ ಪಕ್ಕ, ಯಾರದೋ ರಿಪೇರಿ ಮೋಟಾರಿಗೆ ಒರಗಿಕೊಂಡು ನನ್ನ ಮೊರ ಕೂತಿತ್ತು. ಬಳೆ, ಕುಂಕುಮ, ರವಿಕೆ ಕಣ, ಏನೂ ಕಮ್ಮಿಯಿರಲಿಲ್ಲ. ಅಳು ಬಂತು, ಅದರ ಹಿಂದೆಯೇ ಸಿಟ್ಟು.

“ವಾಪಸ್ ತಗಂಡೋಗಿ ಅವನಿಗೇ ಕೊಡಪ್ಪ. ತಾನೇ ಬಂದು ಕೊಡಕ್ಕಾಗದಿದ್ರೆ ನಂಗೆ ಬಾಗಿನ ಬ್ಯಾಡ ಅಂತ ಹೇಳು,” ಅಂದೆ. ಇಡೀ ಬಸ್ಸು ಕೇಳಿಸಿಕೊಂಡಿತು.

ಮನೆಗೆ ಬಂದು ಇವರಿಗೂ ಹೇಳಿದೆ: “ಅವನು ಬಂದ್ರೆ, ಅಂದಿದ್ದು ತಪ್ಪಾಯ್ತು ಅನ್ನಿ. ಇಲ್ದಿದ್ರೆ ಇವತ್ತಿನ ಒಬ್ಬಟ್ಟಿನ ಬಜೆಟ್ಟಲ್ಲಿ ನಿಮ್ಗೆ ಏನೂ ಇಲ್ಲ.”

ಮಧ್ಯಾಹ್ನದ ಬಸ್ಸಿಗೆ ತಮ್ಮ ಬಂದ. ಮೊರ ಎದೆಗವಚಿಕೊಂಡು ಹೊಸಿಲಾಚೆ ನಿಂತು, “ಬಸ್ಸಲ್ಲಿ ಬಂದೋರೆಲ್ಲಾ ಉಗಿದ್ರು ಕಣಕ್ಕ,” ಅಂದ.

ಇವರು ಗಂಟಲು ಸರಿಮಾಡಿಕೊಂಡರು. “ದೇಶ ನಿಂದೂ ಹೌದು ಕಣಪ್ಪ. ನಾನು ಅಂಗನ್ನಬಾರದಾಗಿತ್ತು. ಬಾ ಒಳಿಕ್ಕೆ.”

ಬಾಗಿನ ಇಸಿದುಕೊಳ್ಳುವಾಗ ನನಗಾದ ಹೆಮ್ಮೆ ಯಾವ ಚುನಾವಣೆ ಗೆದ್ದವರಿಗೂ ಆಗಿರಲಾರದು.

ಎರಡನೇ ಒಬ್ಬಟ್ಟು ಎಲೆಗೆ ಬೀಳುವಷ್ಟರಲ್ಲಿ, “ಆದ್ರೂ ಭಾವ, ಆ ಡಾಕ್ಟರು…” ಅಂತ ತಮ್ಮ ಶುರುಮಾಡಿದ. ಇವರು ಅಂಗಿಯ ತೋಳು ಮಡಚಿದರು. ಫಿರಂಗಿ, ಆಸ್ಪತ್ರೆ, ತೆರಿಗೆ, ಮನೆ ಮೇಲಿನ ಹೆಂಚು ಹಾರಿಹೋಗುವಂಥ ಗಲಾಟೆ. ಯಾರೂ ಎಲೆ ಬಿಟ್ಟು ಏಳಲಿಲ್ಲ. ನಾನು ತವರಿನ ಹೊಸ ಬಳೆ ಸದ್ದು ಮಾಡುತ್ತಾ ಇಬ್ಬರಿಗೂ ಒಂದೇ ಸಮ ತುಪ್ಪ ಬಡಿಸಿದೆ.