ಒಂಬತ್ತನೆಯ ಕೂಗು

ಖಚಿತವಾಗದ್ದನ್ನು ಬರೆಯಬಾರದು ಎಂಬುದು ಪತ್ರಿಕೆಯ ಕೆಲಸ ನನಗೆ ಕಲಿಸಿದ ಅಭ್ಯಾಸ. ಕಳಸದ ಕಡೆ ಕಾಡು, ಹಳ್ಳಗಳ ಬಗ್ಗೆ ಜನ ಹೇಳುವ ಕಥೆಗಳನ್ನು ಕಾಫಿ ಮುಗಿಯುವವರೆಗೆ ಕೇಳಿ ಮರೆತುಬಿಡುತ್ತಿದ್ದೆ. ಇದೊಂದನ್ನು ಮರೆಯಲಾಗಿಲ್ಲ. ನೀವು ನಂಬಲೇಬೇಕೆಂದೇನಿಲ್ಲ.

ಕೆಲವು ವರ್ಷಗಳ ಹಿಂದೆ, ಮುಂಗಾರು ಹಿಡಿದ ವಾರ, ಸಂಸೆ ಬಳಿಯ ಸಣ್ಣ ಶಾಲೆಯೊಂದರ ಮೇಷ್ಟ್ರು ಒಂಬತ್ತು ಮಕ್ಕಳನ್ನು ಕಪ್ಪೆ ತೋರಿಸಲು ಕರೆದೊಯ್ದರು. ವರದಿಗೆಂದು ನಾನೂ ಹೋದೆ. ಸಂಜೆ ಏಳರ ಹೊತ್ತು. ಹೆಸರು ಕೂಗಿದರೆ ಕಪ್ಪೆಗಳು ಸುಮ್ಮನಾಗುತ್ತವೆಂದು ಅವರು ಪ್ರತಿ ಮಗುವಿಗೂ ಒಂದೊಂದು ಕಪ್ಪೆಯ ದನಿ ಕಲಿಸಿದ್ದರು. ಮೇಷ್ಟ್ರು ಮೆಲ್ಲಗೆ ಸಂಖ್ಯೆ ಹೇಳಿದರೆ ಆ ಮಗು ತನ್ನ ಕಪ್ಪೆಯಂತೆ ಕೂಗಬೇಕು. ಅದೇ ಹಾಜರಿ. ಒಂಬತ್ತನೆಯವಳು ಐದನೇ ತರಗತಿಯ ಸುಮಾ. ಅವಳದು ಮರಗಪ್ಪೆಯ ‘ಟಕ್ ಟಕ್’. ಕೂಗಿದ ಕೂಡಲೇ ಕಿಸಕ್ಕೆಂದು ನಗುತ್ತಿದ್ದಳು.

“ನಗಬೇಡ ಮಾರಾಯ್ತಿ, ಕಪ್ಪೆಗೆ ಗೊತ್ತಾಗ್ತದೆ,” ಎಂದರು ಮೇಷ್ಟ್ರು.

“ಕಪ್ಪೆ ನಗಲ್ವಾ ಸಾರ್?”

“ನಗೋ ಹಾಗಿದ್ರೆ ನಿನ್ನ ಕೂಗು ಕೇಳಿ ಇಷ್ಟೊತ್ತಿಗೆ ನಗ್ತಿತ್ತು.”

ಹಳ್ಳದ ದಂಡೆಯಲ್ಲಿ ಅರ್ಧ ಗಂಟೆ ಕೂತು, ಹತ್ತು ನಿಮಿಷ ನಡೆದು ಜೀಪಿನ ಬಳಿ ಬಂದೆವು. ಟಾರ್ಚ್ ಆರಿಸಿ ಮೇಷ್ಟ್ರು ಕತ್ತಲಲ್ಲೇ ಹಾಜರಿ ಕರೆದರು. ನನ್ನ ರೆಕಾರ್ಡರ್ ಓಡುತ್ತಿತ್ತು. ಒಂಬತ್ತೂ ಕೂಗು ಬಂದವು. ಜೀಪು ಹತ್ತಿದ್ದು ಎಂಟು ಮಕ್ಕಳು.

ಹಿಂದಕ್ಕೆ ಓಡಿದೆವು. ಸುಮಾ ಹಳ್ಳದ ಬಂಡೆಯ ಮೇಲೆ ಕೂತಿದ್ದಳು. ಅಷ್ಟರಲ್ಲಿ ನಾವು ಕೂತಿದ್ದ ದಂಡೆ ಕುಸಿದು, ನೀರು ಅವಳ ಪಾದದವರೆಗೂ ಏರಿತ್ತು. ಮೇಷ್ಟ್ರು ಇಳಿದು ಅವಳನ್ನು ಎತ್ತಿಕೊಂಡರು.

“ಯಾಕೆ ಕೂಗ್ಲಿಲ್ಲ ಮಗಾ?”

“ಕೂಗಿದ್ನಲ್ಲ ಸಾರ್. ನೀವು ಒಂಬತ್ತು ಅಂದ ಕೂಡ್ಲೇ ಕೂಗ್ದೆ.”

ಅಷ್ಟು ದೂರಕ್ಕೆ, ಆ ನೀರಿನ ಸದ್ದಿನಲ್ಲಿ, ಮೇಷ್ಟ್ರ ಮೆಲುದನಿ ಕೇಳಿಸುವುದು ಸಾಧ್ಯವಿರಲಿಲ್ಲ. ಜೀಪಿನ ಹತ್ತಿರ ನಿಜವಾದ ಮರಗಪ್ಪೆಯೇ ಕೂಗಿರಬೇಕು, ತಾವು ಮೋಸಹೋದೆವು ಎಂದು ಅವರು ಹುಡುಗಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡರು. ಅದು ಸರಿಯೆಂದೇ ನನಗೂ ಅನ್ನಿಸಿತು.

ಮರುದಿನ ವರದಿ ಬರೆಯಲು ಕೂತು ರೆಕಾರ್ಡರ್ ಹಾಕಿದೆ. ಮೇಷ್ಟ್ರು “ಒಂಬತ್ತು” ಎನ್ನುತ್ತಾರೆ. ‘ಟಕ್ ಟಕ್.’ ಅದರ ಬೆನ್ನಿಗೇ, ಮೈಕಿನ ತೀರ ಹತ್ತಿರ, ಕಿಸಕ್ಕೆಂಬ ನಗು. ಹಿನ್ನೆಲೆಯಲ್ಲಿ ಹಳ್ಳದ ಸದ್ದಿಲ್ಲ. ಅಲ್ಲಿ ನಿಂತಿದ್ದಾಗ ಆ ನಗು ಕೇಳಿದ್ದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಅದನ್ನು ಮೇಷ್ಟ್ರಿಗೂ ಹಾಕಿ ಕೇಳಿಸಿದೆ. “ಅಳಿಸಿಬಿಡಿ. ಅವಳ ಅಮ್ಮನಿಗೆ ಗೊತ್ತಾಗೋದು ಬೇಡ,” ಎಂದರು. ಈಗಲೂ ಮಕ್ಕಳನ್ನು ಕಪ್ಪೆ ನೋಡಲು ಕರೆದೊಯ್ಯುತ್ತಾರೆ. ಎಣಿಸುವುದು ಮಾತ್ರ ಒಬ್ಬೊಬ್ಬರ ತಲೆ ಮುಟ್ಟಿ.

ನಾನು ಅಳಿಸಿಲ್ಲ, ವರದಿಯಲ್ಲಿ ಬರೆಯಲೂ ಇಲ್ಲ. ಕೂಗು ಕಪ್ಪೆಯದೆಂದು ಬರೆಯಬಹುದಿತ್ತು. ನಗು ಯಾರದೆಂದು ಬರೆಯಲಿ?