ಹಾಳೆಯ ಮೇಲೆ ಕೆಳಗಿಳಿದ ಕಬಾಸೊ

ಲುಸಾಕಾದ ನಮ್ಮ ಬೀಜದ ಕಂಪನಿಗೆ ಏಳು ಮಹಡಿ. ಬೆಂಕಿ ಬಿದ್ದರೆ ಯಾರು ಯಾವ ಕಡೆಯಿಂದ ಇಳಿಯಬೇಕು ಎಂಬುದನ್ನು ಹದಿನಾರು ವರ್ಷ ತಲೆಯಲ್ಲಿ ಹೊತ್ತು ತಿರುಗಿದವನು ಗುಮಾಸ್ತ ಚಿಶಾಲ ಕಬಾಸೊ. ಅವನ ನಕ್ಷೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಡ್ರಿಲ್ ನಡೆದ ದಿನ ಕಚೇರಿಯ ಜಿರಳೆಗಳು ಕೂಡ ಎಡಬದಿ ಹಿಡಿದು ಸಾಲಾಗಿ ಮೆಟ್ಟಿಲಿಳಿಯುತ್ತಿದ್ದವು. ಅವನು ಸೀಟಿ ಊದಿದರೆ ಅತ್ತ ಕಾಫುವೆ ನದಿಯಲ್ಲಿ ನೀರಾನೆಗಳು ಮುಳುಗುತ್ತಿದ್ದವು. ನಾನು ಹೋಗಿ ನೋಡಿಲ್ಲ. ಆದರೆ ಯಾವ ನೀರಾನೆಯೂ ಬಂದು ಇಲ್ಲವೆಂದು ಹೇಳಿಲ್ಲ.

ಅವನ ಕ್ರಮ ಸರಳ. ಏಳನೆಯ ಮಹಡಿಯಿಂದ ಒಂದೊಂದೇ ಕೋಣೆ ನೋಡುತ್ತ, ಕಕ್ಕಸಿನ ಬಾಗಿಲನ್ನೂ ತಟ್ಟುತ್ತ, ಕೊನೆಯವನಾಗಿ ಅವನು ಇಳಿಯುವುದು. ಕೆಳಗೆ ಅಂಗಳದ ಜಕರಂಡಾ ಮರದಡಿ ಅವನ ಜೊತೆಗಾರ ಮಟೆಯೊ ಜೇರೆ ಪಟ್ಟಿ ಹಿಡಿದು ಹೆಸರು ಕೂಗುವುದು. ಮುಖ ಕಂಡರೆ ಮಾತ್ರ ಗುರುತು. ಒಂದೇ ಒಂದು ಹೆಸರು ಉಳಿದರೂ ಅಗ್ನಿಶಾಮಕದವರಿಗೆ ಹೇಳಬೇಕು. ಆ ನಿಯಮ ಬರೆದವನು ಕಬಾಸೊ, ಅದರ ಕೆಳಗೆ ಕೆಂಪು ಗೆರೆ ಎಳೆದವನು ಜೇರೆ.

ಕಬಾಸೊ ಬೆಂಬಾ ಕುಲದವನು, ಜೇರೆ ಅಂಗೋನಿ. ಅಜ್ಜಂದಿರ ಅಜ್ಜಂದಿರು ಭರ್ಜಿ ಹಿಡಿದು ಕಾದಾಡಿ ಸುಸ್ತಾಗಿ, ಇನ್ನು ಮೇಲೆ ಬರೀ ಬೈಗುಳದಲ್ಲಿ ಹೊಡೆದಾಡೋಣ ಎಂದು ರಾಜಿಯಾದವರು. ಅಂದಿನಿಂದ ಎರಡೂ ಕುಲದವರು ಹಾಸ್ಯದ ನೆಂಟರು, ಒಬ್ಬರಿಗೊಬ್ಬರು 'ಮ್ಬುಯಾ'. ಬೆಂಬಾದವರು ಕೋತಿ ತಿನ್ನುವವರು, ಅಂಗೋನಿಗಳು ಇಲಿ ತಿನ್ನುವವರು ಎಂಬುದು ಇವರ ಮಾಮೂಲಿ ಬೈಗುಳ. ಮ್ಬುಯಾ ಏನೇ ಅಂದರೂ ಸಿಟ್ಟಾಗುವಂತಿಲ್ಲ. ಸಾವಿನ ಮನೆಯಲ್ಲಿ ಬಂದು ಹೆಣವನ್ನು ಗೇಲಿ ಮಾಡಿದರೂ ನಗಬೇಕು.

ಹಾಗಾಗಿ ಪ್ರತಿ ಡ್ರಿಲ್‌ನಲ್ಲೂ ಜೇರೆ ಮೊದಲ ಹೆಸರನ್ನು ತಾನೇ ಕೂಗಿ ತಾನೇ ಉತ್ತರ ಹೇಳುತ್ತಿದ್ದ. "ಚಿಶಾಲ ಕಬಾಸೊ? ಸತ್ತ! ಕೋತಿ ಮೂಳೆ ಗಂಟಲಿಗೆ ಸಿಕ್ಕಿ ಸತ್ತ!"

"ನಿನ್ನನ್ನ ಹೂಳದೆ ನಾನೆಲ್ಲಿ ಸಾಯ್ತೀನೋ ಇಲಿ ತಿನ್ನೋನೇ!" ಎಂದು ಕಬಾಸೊ ಮೆಟ್ಟಿಲ ಬಾಯಲ್ಲಿ ಕಾಣಿಸಿಕೊಳ್ಳುತ್ತಿದ್ದ. ಆಮೇಲೆ ಗುರುತು ಬೀಳುತ್ತಿತ್ತು.

ಆ ಅಕ್ಟೋಬರಿನಲ್ಲಿ ಮ್ಯಾನೇಜರು ಹೊಸ ಹುದ್ದೆಯೊಂದರ ಸುದ್ದಿ ಹೊರಡಿಸಿದರು: ಸುರಕ್ಷತಾ ಅಧಿಕಾರಿ. ಇಬ್ಬರಲ್ಲಿ ಒಬ್ಬರಿಗೆ. "ನಿನಗೇ ಆಗುತ್ತೆ, ಕೋತಿಗಳಿಗೆ ಹತ್ತಿಳಿಯೋದು ಚೆನ್ನಾಗಿ ಗೊತ್ತು" ಎಂದ ಜೇರೆ. ಎಲ್ಲರೂ ನಕ್ಕರು.

ವಾರದೊಳಗೆ, ಬೆಳಗಿನ ಹತ್ತು ಗಂಟೆಗೆ, ಕರೆಂಟು ಹೋಗಿ ನೆಲಮಾಳಿಗೆಯ ಜನರೇಟರು ಹೊತ್ತಿಕೊಂಡಿತು. ಹೊಗೆ ನಮಗಿಂತ ಶಿಸ್ತಾಗಿ ಮೆಟ್ಟಿಲು ಹತ್ತಿತು. ಸೀಟಿ ಕೇಳಿತು. ನಾವೆಲ್ಲ ಇಳಿದೆವು. ಕಬಾಸೊ ಏಳನೆಯ ಮಹಡಿಯ ಕಡತದ ಕೋಣೆಗೆ ಹೊಕ್ಕು ನೋಡುವಾಗ ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಅದಕ್ಕೆ ಒಳಗಡೆ ಹಿಡಿಕೆಯಿಲ್ಲ. ಹಿಡಿಕೆ ಹಾಕಿಸಿ ಎಂದು ಅವನೇ ಹನ್ನೊಂದು ಪತ್ರ ಬರೆದಿದ್ದ. ಹನ್ನೊಂದೂ ಅದೇ ಕೋಣೆಯಲ್ಲಿ ಭದ್ರವಾಗಿದ್ದವು.

ಮರದಡಿ ಜೇರೆ ಕೂಗಿದ. "ಚಿಶಾಲ ಕಬಾಸೊ? ಸತ್ತ!" ರೂಢಿಯಂತೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಮೆಟ್ಟಿಲ ಬಾಯಲ್ಲಿ ಯಾರೂ ಕಾಣಲಿಲ್ಲ. ಜೇರೆ ಉಳಿದ ಹೆಸರುಗಳನ್ನು ಮುಗಿಸಿದ. ಮ್ಯಾನೇಜರು ಗಡಿಯಾರ ನೋಡುತ್ತ ಬಂದರು. ಪಕ್ಕದಲ್ಲಿ ಅಗ್ನಿಶಾಮಕದ ಅಧಿಕಾರಿ.

"ಎಲ್ಲರೂ ಬಂದರೇನ್ರೀ?" ಎಂದರು ಮ್ಯಾನೇಜರು.

ಜೇರೆ ಮೆಟ್ಟಿಲ ಕಡೆ ನೋಡಿದ. ಪೆನ್ನು ಪಟ್ಟಿಯ ಮೇಲೆ ಒಂದು ಸಲ ಅಲ್ಲಾಡಿತು. "ಎಲ್ಲರೂ, ಸರ್. ನಾಲ್ಕು ನಿಮಿಷ ಐವತ್ತು ಸೆಕೆಂಡು."

ಕಬಾಸೊನನ್ನು ಬದುಕಿಸಿದ್ದು ಪಟ್ಟಿಯಲ್ಲ, ಗೇಟಿನ ಬಳಿ ಹಿಟ್ಟಿನ ಬೋಂಡ ಕರಿಯುವ ನಮುಕೊಲೋ ಅಮ್ಮ. ಎಷ್ಟೋ ಹೊತ್ತಿನ ಮೇಲೆ ಅವಳು ಸೌಟು ಹಿಡಿದುಕೊಂಡೇ ಅಧಿಕಾರಿಯ ಮುಂದೆ ನಿಂತಳು. "ನಮ್ಮ ಕಬಾಸೊ ಎಲ್ಲಪ್ಪಾ? ಕೆಳಗಿಳಿದಿದ್ರೆ ಮೊದಲು ನನ್ನ ಬಾಣಲೆ ಹತ್ರ ಬರ್ತಿದ್ದ."

"ಪಟ್ಟೀಲಿ ಎಲ್ಲರೂ ಇದ್ದಾರಮ್ಮ."

"ಪಟ್ಟಿ ಬೋಂಡ ತಿನ್ನುತ್ತೇನಪ್ಪಾ? ಹೋಗಿ ನೋಡು!"

ಹೋಗಿ ನೋಡಿದರು. ಬಾಗಿಲ ಸಂದಿಗೆ ಕೋಟು ತುರುಕಿ, ನೆಲಕ್ಕೆ ಬಾಯಿಟ್ಟು ಮಲಗಿದ್ದ. ಹಲ್ಲಿನ ನಡುವೆ ಸೀಟಿಯಿತ್ತು, ಊದಲು ಉಸಿರಿರಲಿಲ್ಲ.

ಆಸ್ಪತ್ರೆಗೆ ಜೇರೆ ಗುದ್ದಲಿ ಹೊತ್ತು ಬಂದ. "ಇನ್ನೂ ಸತ್ತಿಲ್ವಾ? ಹೂಳೋಕೆ ರಜೆ ಹಾಕಿ ಬಂದೆನಲ್ಲೋ!" ಕಬಾಸೊ ಕೆಮ್ಮಿ ಕೆಮ್ಮಿ ನಕ್ಕ. ಗಲಿಬಿಲಿಯಲ್ಲಿ ಮ್ಬುಯಾನ ಕಣ್ಣು ತಪ್ಪಿರಬೇಕು ಎಂದುಕೊಂಡಿದ್ದ.

ತಿಂಗಳ ಮೇಲೆ ಕೆಲಸಕ್ಕೆ ಬಂದಾಗ ಹೊಸ ಹುದ್ದೆ ಜೇರೆಯದಾಗಿತ್ತು. ಗೋಡೆಗೆ ನಾಲ್ಕು ನಿಮಿಷ ಐವತ್ತು ಸೆಕೆಂಡಿನ ಪ್ರಶಸ್ತಿಪತ್ರ. ಪಕ್ಕದಲ್ಲಿ ಚೌಕಟ್ಟು ಹಾಕಿದ ಅಂದಿನ ಪಟ್ಟಿ. ಮೊದಲ ಹೆಸರಿಗೆ ಜೇರೆಯ ಹಸಿರು ಶಾಯಿಯ ಗುರುತು. ಕಬಾಸೊ ಜೇರೆಯನ್ನು ಕರೆದು ಆ ಗುರುತಿನ ಮೇಲೆ ಬೆರಳಿಟ್ಟ.

"ಯಾರ ಮುಖ ನೋಡಿ ಹಾಕ್ದೆ ಇದನ್ನ?"

"ಕೋತೀನ ಹೊಗೇಲಿ ಒಣಗಿಸಿ ತಿನ್ನೋ ಜನ ನೀವು, ಹೊಗೆ ನಿನಗೇನು ಮಾಡುತ್ತೆ ಅಂತ..."

"ಮ್ಬುಯಾ, ನಾನು ಕೇಳ್ತಿದ್ದೀನಿ."

ಜೇರೆಯ ನಗು ಇಳಿಯಿತು. "ಸಾಹೇಬರು ನಿಂತಿದ್ರು ಕಣೋ. ಒಂದೇ ಹೆಸರು. ನೀನು ಹಿಂದಿನ ಮೆಟ್ಟಿಲಿಂದ ಬಂದಿರ್ತೀಯ ಅಂತ..."

"ಹಿಂದೆ ಮೆಟ್ಟಿಲೇ ಇಲ್ಲ. ಟೇಪು ಹಿಡಿದು ಅಳೆದದ್ದು ನಾವಿಬ್ಬರೂ."

ಮ್ಬುಯಾನ ಮೇಲೆ ಸಿಟ್ಟಾಗುವಂತಿಲ್ಲ. ಕಬಾಸೊ ಸಿಟ್ಟಾಗಲಿಲ್ಲ. ಇನ್ನು ಮುಂದೆ ಪಟ್ಟಿ ತನ್ನ ಕೈಲಿರಲಿ ಎಂದಷ್ಟೇ ಕೇಳಿಕೊಂಡ.

ಮುಂದಿನ ಡ್ರಿಲ್‌ಗೆ ಸೀಟಿ ಊದಿ ಮೇಲೆ ಹತ್ತಿದವನು ಜೇರೆ. ಐದು ನಿಮಿಷವಾಯಿತು, ಅವನ ಹೆಸರು ಹಾಗೇ ಉಳಿಯಿತು.

"ಮುಗೀತಲ್ಲ? ಗುರುತು ಹಾಕಿಬಿಡಿ" ಎಂದರು ಮ್ಯಾನೇಜರು.

"ಇಲ್ಲ ಸರ್. ಒಬ್ಬರು ಒಳಗಿದ್ದಾರೆ. ಮಟೆಯೊ ಜೇರೆ. ಏಳನೇ ಮಹಡಿಯಿಂದ ಹುಡುಕೋಕೆ ಹೇಳಿ."

ಹುಡುಕಲು ಜನ ಹೋದರು. ನಾಲ್ಕನೆಯ ಮಹಡಿಯಲ್ಲಿ ಕಾಲು ಉಳುಕಿಸಿಕೊಂಡು ಕುಳಿತಿದ್ದವನನ್ನು ಹಿಡಿದು ತರುವಾಗ ಹನ್ನೆರಡು ನಿಮಿಷವಾಗಿತ್ತು. ಜೇರೆ ಕುಂಟುತ್ತ ಮರದಡಿ ಬಂದು ಕೈಯೆತ್ತಿ ಕೂಗಿದ, "ಜೇರೆ ಸತ್ತ ಅಂತ ಬರಿಯೋ, ಕೋತಿ ತಿನ್ನೋನೇ!"

ಕಬಾಸೊ ಅವನ ಮುಖವನ್ನು ಸರಿಯಾಗಿ ನೋಡಿದ. ಗುರುತು ಹಾಕಿದ. "ಬಂದಿದ್ದೀರಿ, ಜೇರೆಯವರೇ. ಅಲ್ಲಿ ಕುರ್ಚಿ ಇದೆ, ಕೂತ್ಕೊಳ್ಳಿ."

ಯಾರೂ ನಗಲಿಲ್ಲ. ಜೇರೆ ಕೂರಲಿಲ್ಲ. "ಒಂದು ಸಲ ಬಯ್ಯೋ ಮ್ಬುಯಾ," ಎಂದ, ತೀರ ಸಣ್ಣ ದನಿಯಲ್ಲಿ. "ಇಲಿ ಅನ್ನೋ. ಒಂದೇ ಸಲ."

ಕಬಾಸೊ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ನಮುಕೊಲೋ ಅಮ್ಮನ ಬಾಣಲೆಯ ಕಡೆಗೆ ನಡೆದ.