ಹಾಸಿಗೆ ಹಾಸಿದ ಮೇಲೆ ಒಂದು ಗೇಣು

ನಾಗಣ್ಣನಷ್ಟು ಶ್ರದ್ಧೆಯಿಂದ ಸೇಡು ತೀರಿಸಿಕೊಳ್ಳುವ ಮನುಷ್ಯನನ್ನು ನಾನು ಕಂಡಿಲ್ಲ. ತಿ. ನರಸೀಪುರದಲ್ಲಿ ನನ್ನ ಹೊಲಿಗೆ ಅಂಗಡಿ, ಪಕ್ಕದ ತಗಡಿನ ಷೆಡ್ಡಿನಲ್ಲಿ ಅವನ ವೆಲ್ಡಿಂಗ್ ಕೆಲಸ. ಮಕ್ಕಳಿಗೆ ಎರಡಂತಸ್ತಿನ ಮಂಚ ಬೇಕೆಂದು ಯಾರಾದರೂ ಬಂದರೆ ಅವನು ಮೊದಲು ಸ್ಟೂಲು ಹಾಕಿ ಕೂರಿಸುತ್ತಿದ್ದ, ಅರ್ಧ ಗಂಟೆ ಪಾಠ ಮಾಡುತ್ತಿದ್ದ, ಆಮೇಲೆ ನಂಜನಗೂಡಿಗೆ ಕಳಿಸುತ್ತಿದ್ದ. ಅಲ್ಲಿ ಬಸವೇಶನ ಫರ್ನಿಚರ್ ಅಂಗಡಿಗೆ ಹೋಗಿ, ಹೇಳಿಕೊಟ್ಟದ್ದನ್ನೆಲ್ಲ ಕೇಳಿ, ಉತ್ತರ ಸರಿಹೋಗದಿದ್ದರೆ ವಾಪಸ್ ಬನ್ನಿ ಅನ್ನುತ್ತಿದ್ದ. ಬಾಗಿಲಿಗೆ ಬಂದ ಗಿರಾಕಿಯನ್ನು ಬೇರೆಯವರ ಅಂಗಡಿಗೆ ಅಟ್ಟುವ ಇವನಿಗೆ ತಲೆ ಕೆಟ್ಟಿದೆ ಎಂದೇ ಮೊದಮೊದಲು ನಾನು ತಿಳಿದಿದ್ದೆ.

"ಅಂಗ್ಡೀಲಿ ಮಂಚ ಬೆತ್ಲೆ ನಿಂತಿರ್ತದೆ, ಅದೇ ಮೋಸ," ಎಂದು ಪಾಠ ಶುರುವಾಗುತ್ತಿತ್ತು. "ಮೇಲ್ಗಡೆ ತಡೆಕಂಬಿ ಎತ್ರಕ್ಕೆ ಕಾಣ್ತದೆ. ಮನೇಗೆ ತಂದು ಆಸ್ಗೆ ಮಡಗಿದ್ಮೇಲೆ ಕಂಬಿ ಎಲ್ಲೋಯ್ತು ಅಂತ ಉಡುಕ್ಬೇಕು. ಆಸ್ಗೆ ಆಸಿದ್ಮೇಲೂ ಒಂದು ಗೇಣು ಮಿಕ್ಕಿರ್ಬೇಕು. ನಿಮ್ ಗೇಣಲ್ಲಿ ಅಳೀರಿ, ಮಗೀನ ಗೇಣಲ್ಲಲ್ಲ."

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಕಂಬಿಗಳ ಸಂದಿನಲ್ಲಿ ಮಗುವಿನ ತಲೆ ತೂರಬಾರದು. ಏಣಿಯ ಮೆಟ್ಟಿಲು ಚಪ್ಪಟೆ ಇರಬೇಕು; ದುಂಡು ಪೈಪಾದರೆ ಅಂಗಾಲು ನೊಂದು ಮಕ್ಕಳು ಏಣಿಯನ್ನೇ ಬಿಟ್ಟು ಮೇಲಿಂದ ಹಾರುತ್ತವೆ. ಕೆಳಗಿನ ಮಂಚದಲ್ಲಿ ದೊಡ್ಡವರೊಬ್ಬರು ತಲೆ ಬಗ್ಗಿಸದೆ ಕೂರುವಷ್ಟು ಜಾಗ ಬೇಕು, ಜ್ವರ ಬಂದ ದಿನ ತಾಯಿ ಅಲ್ಲೇ ಕೂತು ಗಂಜಿ ಕುಡಿಸಬೇಕಲ್ಲ. ಮೇಲಿನ ಮಗು ನಿಂತು ಕೈಯೆತ್ತಿದರೂ ಫ್ಯಾನು ಸಿಗಬಾರದು. ಆರು ವರ್ಷ ತುಂಬದ ಮಗುವನ್ನು ಮೇಲೆ ಮಲಗಿಸುವ ಮಾತೇ ಇಲ್ಲ. ಕೊನೆಗೆ ಮೂಲೆಯ ಕಂಬ ಹಿಡಿದು, ಮೈಮೇಲೆ ದೇವರು ಬಂದವರ ಹಾಗೆ ಅಲ್ಲಾಡಿಸಿ ನೋಡಬೇಕು.

"ಕಿರ್ ಅಂದ್ರೆ ಬುಟ್ಬುಡಿ," ಅನ್ನುತ್ತಿದ್ದ. "ಬಸವೇಶ ಬೈದ್ರೆ ನಾಗ ಯೋಳ್ದ ಅನ್ನಿ."

ನಾಗನ ಹೆಸರು ಕೇಳಿದರೆ ಬಸವೇಶನ ಮುಖ ಹುಳ್ಳಗಾಗುತ್ತದೆ ಎಂದು ಗಿರಾಕಿಗಳು ಬಂದು ಹೇಳುತ್ತಿದ್ದರು. ಹೇಗಾಯಿತು, ಕುರ್ಚಿ ಬಿಟ್ಟು ಎದ್ದನಾ, ಏನಂದ, ಎಂದು ನಾಗಣ್ಣ ಬಿಡಿಸಿ ಬಿಡಿಸಿ ಕೇಳುತ್ತಿದ್ದ. ಆ ದಿನ ಅವನಿಗೆ ಊಟ ಚೆನ್ನಾಗಿ ಸೇರುತ್ತಿತ್ತು.

ಕಾರಣ ಅವನ ಹೆಂಡತಿ ಮಾದಮ್ಮನಿಂದ ನನಗೆ ತಿಳಿಯಿತು. ನಾಗಣ್ಣ ಹದಿನೇಳು ವರ್ಷ ಬಸವೇಶನಲ್ಲೇ ವೆಲ್ಡರ್ ಆಗಿದ್ದವನು. ಮಕ್ಕಳ ಮಂಚದ ವ್ಯಾಪಾರ ಆಗಷ್ಟೇ ಓಡತೊಡಗಿದ್ದ ಕಾಲ. ಪೈಪು ಬರುವುದು ಇಪ್ಪತ್ತು ಅಡಿ ಉದ್ದದಲ್ಲಿ. ತಡೆಕಂಬಿ ಒಂದಡಿ ಎತ್ತರ ಬೇಕೆಂದರೆ ಪ್ರತಿ ಮಂಚಕ್ಕೂ ಹೊಸ ಪೈಪು ಕತ್ತರಿಸಬೇಕು, ಆರಿಂಚಾದರೆ ಉಳಿದ ತುಂಡುಗಳಲ್ಲೇ ಮುಗಿಯುತ್ತದೆ. ಆರಿಂಚು ಸಾಕು ಅಂದ ಬಸವೇಶ. ಸಾಲಲ್ಲ ಸಾ, ಎಂದು ನಾಗಣ್ಣ ಎರಡು ಸಲ ಹೇಳಿದ. ಆಮೇಲೆ ಸುಮ್ಮನೆ ಆರಿಂಚಿಗೇ ಬೆಸೆದ.

ಹಾಗೆ ಬೆಸೆದ ಒಂದು ಮಂಚ ಹದಿನಾರು ಎಂಬ ಊರಿನ ಸರ್ವಮಂಗಳಾ ಅನ್ನುವವರ ಮನೆಗೆ ಹೋಯಿತು. ಅವರ ಮಗಳು ರಮ್ಯಳಿಗೆ ಆಗ ಏಳು ವರ್ಷ. ಒಂದು ಭಾನುವಾರ ಮಧ್ಯಾಹ್ನ ಮೇಲೆ ಮಲಗಿದ್ದವಳು ಮಗ್ಗುಲು ಬದಲಿಸುವಾಗ ಉರುಳಿ ಬಿದ್ದಳು. ಮೊಣಕೈ ಮೂಳೆ ಮುರಿಯಿತು. ಆಪರೇಷನ್ ಆದರೂ ಆ ಕೈ ಇವತ್ತಿಗೂ ಪೂರಾ ನೆಟ್ಟಗಾಗುವುದಿಲ್ಲ.

ಹುಡುಗಿಯ ತಂದೆ ನಾಲ್ಕು ಜನರನ್ನು ಕರೆದುಕೊಂಡು ಅಂಗಡಿಗೆ ಬಂದಾಗ ಬಸವೇಶ ಕೈ ತೋರಿಸಿದ್ದು ನಾಗಣ್ಣನ ಕಡೆಗೆ. ನಾನು ಒಂದಡಿ ಅಂದಿದ್ದೆ, ಈ ಮನುಷ್ಯ ಕುಡಿದ ಮತ್ತಿನಲ್ಲಿ ಅರ್ಧ ಅಡಿಗೆ ವೆಲ್ಡ್ ಮಾಡಿದ್ದಾನೆ, ಅಂದುಬಿಟ್ಟ. ಅದಕ್ಕೆ ಮೊದಲು ಹಿಂದಿನ ಬಾಗಿಲಲ್ಲಿ ನಿಲ್ಲಿಸಿಕೊಂಡು, ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತುಕೊ ನಾಗ, ಆಮೇಲೆ ನಾನು ಸರಿ ಮಾಡುತ್ತೇನೆ, ಎಂದು ಹೇಳಿದ್ದ. ನಾಗಣ್ಣ ತಲೆ ತಗ್ಗಿಸಿ ನಿಂತ. ಬಸವೇಶ ಸರಿ ಮಾಡಲಿಲ್ಲ, ಮಾರನೆಯ ದಿನ ಕೆಲಸದಿಂದ ತೆಗೆದ.

ಹೆಂಡದ ವಾಸನೆಗೇ ಮೂಗು ಮುಚ್ಚುವ ಮನುಷ್ಯ ಇಡೀ ನಂಜನಗೂಡಿಗೆ ಕುಡುಕ ನಾಗ ಆದ. ಯಾವ ವರ್ಕ್‌ಶಾಪೂ ಸೇರಿಸಿಕೊಳ್ಳಲಿಲ್ಲ. ಮಗಳು ಕೋಮಲಳನ್ನು ನೋಡಿ ಒಪ್ಪಿದ್ದ ಎರಡು ಸಂಬಂಧ, ಅಪ್ಪ ಕುಡಿದು ಒಂದು ಮಗುವಿನ ಕೈ ಮುರಿದನಂತೆ ಎಂಬ ಮಾತು ಕಿವಿಗೆ ಬಿದ್ದು ವಾಪಸ್ ಹೋದವು. ಮಾದಮ್ಮ ಇದನ್ನು ಹೇಳುವಾಗ ಅಳಲಿಲ್ಲ, ಹಲ್ಲು ಕಚ್ಚಿಕೊಂಡಿದ್ದಳು. ನನಗೂ ಹಾಗೇ ಆಯಿತು. ಮರೆತುಬಿಡಿ, ದೇವರು ನೋಡಿಕೊಳ್ಳುತ್ತಾನೆ ಅನ್ನುವವರನ್ನು ಕಂಡರೆ ನನಗಾಗದು. ದೇವರಿಗೆ ಬೇರೆ ಕೆಲಸವಿಲ್ಲವೇ? ಆ ದಿನದಿಂದ ನಾನೂ ನನ್ನ ಗಿರಾಕಿಗಳಿಗೆ ಲಂಗದ ಅಳತೆ ತೆಗೆಯುತ್ತಲೇ ಮಂಚದ ಪಾಠ ಹೇಳತೊಡಗಿದೆ.

ನಾಗಣ್ಣನಿಗೆ ಬೇಕಾಗಿದ್ದದ್ದು ಒಂದೇ ಮಾತು. ನಾಗ ಕುಡಿದಿರಲಿಲ್ಲ ಎಂದು ಬಸವೇಶ ತನ್ನ ಬಾಯಿಂದ, ತನ್ನ ಅಂಗಡಿಯಲ್ಲಿ, ಜನರ ಮುಂದೆ ಹೇಳಬೇಕು. ಕಾಟ ಕೊಟ್ಟು ಕೊಟ್ಟು ಒಂದು ದಿನ ಹೇಳಿಸುತ್ತೇನೆ ಎಂದು ನಂಬಿದ್ದ.

ಆಗಿದ್ದು ಬೇರೆ. ನಾಲ್ಕೈದು ವರ್ಷ ಗಿರಾಕಿಗಳ ಕೈಯಲ್ಲಿ ಅಳತೆ ಹಾಕಿಸಿಕೊಂಡು, ಅಲ್ಲಾಡಿಸಿಕೊಂಡು ಸಾಕಾದ ಬಸವೇಶ ತನ್ನ ಮಂಚಗಳನ್ನು ಸರಿಮಾಡಿಬಿಟ್ಟ. ತಡೆಕಂಬಿ ಹದಿನೈದು ಇಂಚಾಯಿತು, ಏಣಿಗೆ ಚಪ್ಪಟೆ ಮೆಟ್ಟಿಲು ಬಂತು. ಹೋದವರು ಅಲ್ಲೇ ಕೊಂಡರು, ವಾಪಸ್ ಬರುವುದನ್ನು ನಿಲ್ಲಿಸಿದರು. ಸಾಲದ್ದಕ್ಕೆ ಅಂಗಡಿಯ ಮುಂದೆ ಬೋರ್ಡು ಹಾಕಿಸಿದ: 'ಹಾಸಿಗೆ ಹಾಸಿದ ಮೇಲೂ ಒಂದು ಗೇಣು ರಕ್ಷಣೆ.' ಮಕ್ಕಳೇನೋ ಬಚಾವಾದವು. ನಾಗಣ್ಣನ ಹೊಟ್ಟೆಗೆ ಬೆಂಕಿ ಬಿತ್ತು.

"ನನ್ ಮಾನಾನೂ ಕಿತ್ಕಂಡ, ನನ್ ಮಾತ್ನೂ ಕಿತ್ಕಂಡ ಕಣಕ್ಕ," ಅಂದ. ಎರಡು ದಿನ ಷೆಡ್ಡಿನ ಬಾಗಿಲು ತೆಗೆಯಲಿಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಚನ್ನಬಸಮ್ಮ ಎಂಬ ಹೆಂಗಸು ಅವನನ್ನು ಹುಡುಕಿಕೊಂಡು ಬಂದರು. ಮನೆಯಲ್ಲಿ ಬಸವೇಶನ ಅಂಗಡಿಯ ಹಳೆಯ ಮಂಚವಿದೆ, ಮೊಮ್ಮಗಳು ಮೇಲೆ ಮಲಗುತ್ತೇನೆ ಅನ್ನುತ್ತಾಳೆ, ಕಂಬಿ ಗಿಡ್ಡ, ಬಂದು ಎತ್ತರಿಸಿ ಕೊಡಿ ಎಂದರು. ಹಾಗೇ ನನಗೂ ಹಾಸಿಗೆಗೆ ಕವರ್ ಹೊಲಿಯಲು ಹೇಳಿದರು. ಯಾವೂರು ಎಂದು ಕೇಳಿದರೆ ಹದಿನಾರು ಅಂದರು, ರಮ್ಯ ಬಿದ್ದ ಊರು. ನಾಗಣ್ಣ ಟೇಪು ಕೆಳಗಿಟ್ಟು ನನ್ನ ಮುಖ ನೋಡಿದ.

ಮರುದಿನ ಇಬ್ಬರೂ ಬಸ್ಸು ಹತ್ತಿ ಹೋದೆವು. ಮಂಚದ ಕಂಬಿ ಆರೇ ಇಂಚು. ತಲೆಯ ಕಡೆಯ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಗೃಹಪ್ರವೇಶದ ಉಡುಗೊರೆ, ತಮ್ಮ ಶಿವರಾಜು ಮತ್ತು ಮಕ್ಕಳಿಂದ. ಕೆಳಗೆ ತಾರೀಖು. ಉಡುಗೊರೆ ಕೊಡುವವರು ಚೊಂಬಿನಿಂದ ಹಿಡಿದು ಬೀರುವಿನವರೆಗೆ ಹೆಸರು, ತಾರೀಖು ಬರೆಸದೆ ಬಿಡುವುದಿಲ್ಲ ನೋಡಿ. ಬಸವೇಶನ ಅಂಗಡಿಯವರೇ ಅದನ್ನು ಬರೆದುಕೊಡುವುದು. ನಾಗಣ್ಣ ಆ ತಾರೀಖನ್ನು ಬೆರಳಿಟ್ಟು ಓದಿದ, ಮತ್ತೆ ಓದಿದ. ಅವನನ್ನು ಓಡಿಸಿ ಹನ್ನೊಂದು ತಿಂಗಳಾದ ಮೇಲಿನ ತಾರೀಖು ಅದು.

"ಇದ್ನ ಯಾವ್ ಕುಡುಕ ಮಾಡ್ದ ಕೇಳಕ್ಕ," ಅಂದ. ನಾನು ಖುಷಿಯಿಂದ ಫೋನು ತೆಗೆದು ಆ ತಾರೀಖಿನ ಫೋಟೋ ಹಿಡಿದೆ. ಬಸವೇಶನ ಸುಳ್ಳು ಅವನ ಅಂಗಡಿಯ ಬಣ್ಣದಲ್ಲೇ ಸಿಕ್ಕಿತ್ತು.

ಸರ್ವಮಂಗಳಾ ಅವರ ಮನೆ ಅದೇ ಬೀದಿಯಲ್ಲಿ. ಚನ್ನಬಸಮ್ಮನೇ ಹೋಗಿ ಕರೆತಂದರು. ನಲವತ್ತರ ಹತ್ತಿರದ, ಮಾತು ಕಮ್ಮಿಯ ಹೆಂಗಸು. ನಾಗಣ್ಣ ಅವರಿಗೆ ತಾರೀಖು ತೋರಿಸಿದ, ಟೇಪು ಹಿಡಿದು ಕಂಬಿ ಅಳೆದ, ತನ್ನನ್ನು ತೆಗೆದುಹಾಕಿದ ದಿನ ಯಾವುದೆಂದು ಹೇಳಿದ. ಅವರು ಎಲ್ಲವನ್ನೂ ನಿಧಾನವಾಗಿ ನೋಡಿದರು.

"ಅಂಗಾರೆ ನೀವು ಕುಡ್ದಿರ್ನಿಲ್ವಾ?"

"ಜೀವ್ಮಾನ್ದಲ್ಲಿ ಮುಟ್ಟಿಲ್ಲ ಕಣವ್ವ. ಕಂಬಿ ಗಿಡ್ಡ ಆಯ್ತದೆ ಅಂತ ಎಲ್ಡ್ ಸಲ ಯೋಳ್ದೆ ಅವ್ನಿಗೆ. ಕೇಳ್ನಿಲ್ಲ."

"ಅವ್ರಿಗೆ ಯೋಳುದ್ರಿ." ಸರ್ವಮಂಗಳಾ ಕಂಬಿಯ ಮೇಲೆ ಕೈಯಿಟ್ಟುಕೊಂಡೇ ಇದ್ದರು. "ನಂಗ್ಯಾಕ್ ಯೋಳ್ನಿಲ್ಲ? ನಮ್ಮನೇಗೆ ಬಂದು ಮಂಚ ಜೋಡ್ಸಿದ್ದು ನೀವೇ ಅಲ್ವಾ. ಮದ್ವೇಲಿ ನಮ್ಮವ್ವ ಕೊಟ್ಟ ಅತ್ತಿ ಆಸ್ಗೆ, ಇಷ್ಟ್ ದಪ್ಪ. ನನ್ನೊಬ್ಳ ಕೈಲಿ ಎತ್ತಕ್ಕಾಗ್ದೆ ಇನ್ನೊಂದ್ ತುದಿ ನೀವಿಡ್ಕಂಡ್ರಿ."

ನಮ್ಮ ಕಡೆ ತವರಿನ ಹಾಸಿಗೆಯನ್ನು ಯಾರೂ ಬಿಸಾಡುವುದಿಲ್ಲ. ಗಂಡ ಹೆಂಡತಿಗೆ ಹೊಸ ಫೋಮ್ ಹಾಸಿಗೆ ಬಂದರೆ ಹಳೆಯದು ಮಕ್ಕಳ ಮಂಚಕ್ಕೆ ಏರುತ್ತದೆ. ಅಜ್ಜಿ ಕೊಟ್ಟದ್ದು, ಮೆತ್ತಗಿದೆ, ಮಗು ಸುಖವಾಗಿ ಮಲಗಲಿ ಎಂದು ಆ ತಾಯಿ ಹಾಸಿದ್ದರು. ಐದಿಂಚಿನ ಹಾಸಿಗೆ, ಆರಿಂಚಿನ ಕಂಬಿ. ಅದನ್ನು ಎತ್ತಿಕೊಟ್ಟವನು ಅಳತೆ ಬಲ್ಲವನು.

ನಾಗಣ್ಣ ಟೇಪನ್ನು ಎಳೆಯುತ್ತ, ಬಿಡುತ್ತ ನಿಂತಿದ್ದ. ಇಷ್ಟು ವರ್ಷ ನನಗಾಗಲಿ, ಮಾದಮ್ಮನಿಗಾಗಲಿ ಅವನು ಇದನ್ನು ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡಿದ್ದನೋ ಇಲ್ಲವೋ.

"ನಾಳೆ ಬಸವೇಶ್ನ ಅಂಗ್ಡೀಗೆ ಬತ್ತೀನಿ," ಅಂದರು ಸರ್ವಮಂಗಳಾ. "ಆದ್ರೆ ಒಬ್ರ ಎಸ್ರು ಯೋಳಕ್ಕೆ ಬರಲ್ಲ. ಇಬ್ರದೂ ಯೋಳ್ತೀನಿ. ಬೇಕಾರೆ ಬನ್ನಿ."

ಬಸ್ಸಿನಲ್ಲಿ ನಾನೇ ಹೇಳಿದೆ, ಹೋಗಬೇಡ ನಾಗಣ್ಣ, ಆ ತಾರೀಖಿನ ಫೋಟೋ ತೆಗೆದಿದ್ದೇನೆ, ಅದನ್ನೇ ಊರಿಗೆಲ್ಲ ತೋರಿಸೋಣ ಎಂದು. ನನಗೆ ಸೇಡು ಬೇಕಿತ್ತು, ನಾಗಣ್ಣನ ತಲೆ ತಗ್ಗುವುದು ಬೇಕಿರಲಿಲ್ಲ. ಮರುದಿನ ಬೆಳಗ್ಗೆ ಏಳೂವರೆಗೆ ಅವನು ಒಗೆದ ಅಂಗಿ ಹಾಕಿಕೊಂಡು ನನ್ನ ಅಂಗಡಿಯ ಮುಂದೆ ನಿಂತಿದ್ದ.

ನಂಜನಗೂಡಿನ ಅಂಗಡಿಯಲ್ಲಿ ಆಗಲೇ ಜನರಿದ್ದರು. ಸರ್ವಮಂಗಳಾ ಮಗಳ ಜೊತೆ ಬಂದಿದ್ದರು. ರಮ್ಯಳಿಗೆ ಹದಿನೈದು ತುಂಬಿತ್ತು. ಬಲಗೈಯನ್ನು ಹೊಟ್ಟೆಗೆ ಒತ್ತಿ ಇಟ್ಟುಕೊಳ್ಳುವುದು ಅವಳಿಗೆ ಅಭ್ಯಾಸವಾಗಿ ಹೋಗಿದೆ. ಬಸವೇಶ ಎದ್ದು ಬಂದು, ಬನ್ನಿ ತಾಯಿ, ಕೂತ್ಕೊಳಿ, ಎಂದವನು ಹಿಂದೆ ನಿಂತಿದ್ದ ನಾಗಣ್ಣನನ್ನು ಕಂಡು ಬಾಯಿ ಮುಚ್ಚಿದ.

ಸರ್ವಮಂಗಳಾ ಕೂರಲಿಲ್ಲ. ನನ್ನ ಫೋನಿನ ಫೋಟೋ ಅವನ ಮುಂದೆ ಹಿಡಿದರು. "ಇವ್ರನ್ನ ತೆಗ್ದ ಮೇಲೆ ಮಾಡ್ದ ಮಂಚ. ಇದಕ್ಕೂ ಆರೇ ಇಂಚು. ಅವತ್ತು ಕುಡ್ದಿದ್ದು ಯಾರು ಯೋಳಿ."

ಹಳೇದೆಲ್ಲ ಈಗ್ಯಾಕೆ, ಒಳಗೆ ಬನ್ನಿ ಮಾತಾಡೋಣ, ಎಂದು ಬಸವೇಶ ಹಿಂದಿನ ಬಾಗಿಲ ಕಡೆ ಕೈ ಮಾಡಿದ. ಮಂಚ ನೋಡುತ್ತಿದ್ದ ಗಿರಾಕಿಗಳು ನೋಡುವುದನ್ನು ಬಿಟ್ಟು ಹತ್ತಿರ ಬಂದರು. ಆಗ ನಾಗಣ್ಣ ಮುಂದೆ ಬಂದ. ಬಸವೇಶನ ಕಡೆ ನೋಡಲೇ ಇಲ್ಲ, ಹುಡುಗಿಯ ಮುಂದೆ ನಿಂತ.

"ಕಂಬಿ ಗಿಡ್ಡ ಅಂತ ನಂಗೊತ್ತಿತ್ತು ಮಗ. ಆಸ್ಗೆ ದಪ್ಪ ಅಂತಾನೂ ಗೊತ್ತಿತ್ತು. ಕೈಯಾರ ಎತ್ತಿ ಮಡುಗ್ದೆ. ಬಾಯಿ ಬುಟ್ರೆ ಕೆಲ್ಸ ಓಯ್ತದೆ ಅಂತ ಸುಮ್ಕಿದ್ದೆ. ನಾನು ಕುಡ್ದಿರ್ನಿಲ್ಲ. ಕುಡ್ದಿದ್ರೆ ಒಂದ್ ನೆಪಾನಾರ ಇರೋದು."

ಸರ್ವಮಂಗಳಾ ಬಸವೇಶನ ಕಡೆ ತಿರುಗಿದರು. "ಇವ್ರದ್ದಾಯ್ತು. ಈಗ ನಿಮ್ದು."

ಬಸವೇಶ ಅಂಗಡಿಯ ಸುತ್ತ ನೋಡಿದ. ಏಳೆಂಟು ಜನ ಅವನ ಬಾಯನ್ನೇ ನೋಡುತ್ತಿದ್ದರು. "ಆರಿಂಚು ನಾನೇ ಹೇಳಿದ್ದು," ಅಂದ. "ನಾಗ ಕುಡಿದಿರ್ಲಿಲ್ಲ."

ನಾಗಣ್ಣ ಕಾದಿದ್ದ ಮಾತು ಅದು. ಅವನ ಮುಖದಲ್ಲಿ ಗೆಲುವು ಕಾಣುತ್ತದೆಂದು ನಾನು ನೋಡಿದೆ, ಕಾಣಲಿಲ್ಲ. ಬಸವೇಶ ಹೇಳಿದ್ದನ್ನು ಅವನು ಕೇಳಿಸಿಕೊಂಡನೋ ಇಲ್ಲವೋ ಎಂದು ನನಗೆ ಅನುಮಾನವಾಯಿತು. ಅವನ ಕಣ್ಣು ಆ ಹುಡುಗಿಯ ಕೈಯ ಮೇಲೇ ಇತ್ತು.

ಸರ್ವಮಂಗಳಾ ಫೋನನ್ನು ನನಗೆ ಕೊಟ್ಟರು. ಸೆರಗು ಸರಿಮಾಡಿಕೊಂಡು ಇಬ್ಬರನ್ನೂ ಒಮ್ಮೆ ನೋಡಿದರು.

"ಇಷ್ಟ್ ವರ್ಷ ಯಾರೋ ಕುಡುಕ ಅನ್ಕಂಡು ದಿನಾ ಶಾಪ ಆಕ್ತಿದ್ದೆ," ಅಂದರು. "ಇನ್ಮ್ಯಾಕೆ ಇಬ್ರಿಗೂ ಎಸ್ರು ಯೋಳಿ ಆಕ್ತೀನಿ."

"ಆಕವ್ವ," ಅಂದ ನಾಗಣ್ಣ.